ಎರಡು ಹಳದಿ

ಸೋನ್ಯಾಳದ ದನಗಳ ದವಾಖಾನೆಯಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಥಂಡಿ ಪೆಟ್ಟಿಗೆಯ ಹೊಳಪು. ಐದು ವಾರದಿಂದ ಕೆಟ್ಟು ನಿಂತ ಯಂತ್ರವನ್ನು ಯಾರೂ ಹಾಗೆ ತಿಕ್ಕಿ ತೊಳೆಯುವುದಿಲ್ಲ. ಬಿಳಿ ಬಾಗಿಲು, ಹಿತ್ತಾಳೆಯ ಹಿಡಿಕೆ, ನಾಲ್ಕು ಕಾಲು, ಎಲ್ಲವೂ ಹೆಣ್ಣು ನೋಡಲು ಬರುವವರಿಗಾಗಿ ಸಿಂಗರಿಸಿದ ಹಾಗಿದ್ದವು. ನಾನು ಮುಂಬಯಿಯ ಕಾರ್ಖಾನೆಯಲ್ಲಿ ಒಂದು ವರ್ಷ ಕಲಿತವನು, ಮಿರಜದ ಏಜೆಂಟರ ಅಂಗಡಿಯಲ್ಲಿ ಎರಡು ವರ್ಷ ದುಡಿದವನು. ಪೆಟ್ಟಿಗೆ ಇಷ್ಟು ಸ್ವಚ್ಛವಾಗಿದ್ದರೆ ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ.

"ಬರ್ರಿ ಮಿಸ್ತ್ರಿ, ಕುಂದ್ರಿ. ಮೊದಲ ಚಾ ಕುಡೀರಿ," ಎಂದ ಕಂಪೌಂಡರ್ ಗೊಲ್ಲಾಳಪ್ಪ. ನಲವತ್ತರ ಆಸುಪಾಸಿನ ಮನುಷ್ಯ, ಹಣೆಯ ಮೇಲೆ ದಪ್ಪ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ನನ್ನ ಕೈಚೀಲವನ್ನು ತಾನೇ ಇಸಿದುಕೊಂಡ. "ನಮ್ಮ ಕಡಿಂದ ಏನೂ ತಪ್ಪಿಲ್ರಿ. ದೇವರ ಹಂಗ ಇಟ್ಟೀವಿ ಅದನ್ನ."

"ದೇವರ ಹಂಗ ಇಟ್ರ ಕೆಡತೈತ್ರಿ. ಯಂತ್ರದ ಹಂಗ ಇಡಬೇಕು," ಎಂದೆ. ನಾನು ಹುಟ್ಟಿದ್ದು ಇದೇ ಸೀಮೆಯ ಯಳವಿಯಲ್ಲಿ. ಅವನ ಮಾತಿಗೆ ಅವನ ಮಾತಿನಲ್ಲೇ ಉತ್ತರ ಕೊಟ್ಟದ್ದು ಅವನಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ಗಾಬರಿಯನ್ನೇ ಹುಟ್ಟಿಸಿತು. ಮಿರಜದಿಂದ ಬರುವವನು ಮರಾಠಿಯವನಾಗಿದ್ದರೆ ಎರಡು ಮಾತು ಅರ್ಥವಾಗದ ಹಾಗೆ ನಟಿಸಬಹುದಿತ್ತು.

ಅದು ಚಿಮಣಿ ಎಣ್ಣೆಯಿಂದ ನಡೆಯುವ ಪೆಟ್ಟಿಗೆ, ಅಂದರೆ ಫ್ರಿಜ್ಜು. ಸಾವಿರದ ಒಂಬೈನೂರ ಐವತ್ತೈದರ ಆ ಫೆಬ್ರುವರಿಯಲ್ಲಿ ಸೋನ್ಯಾಳಕ್ಕೆ ವಿದ್ಯುತ್ತು ಬರುವ ಸುದ್ದಿಯೂ ಇರಲಿಲ್ಲ. ಇಂಥ ಪೆಟ್ಟಿಗೆಯ ಬುಡದಲ್ಲಿ ಒಂದು ದೀಪ ಉರಿಯುತ್ತದೆ. ಅದರ ಬಿಸಿ ಹೊಗೆ ಕೊಳವೆಯ ಮೂಲಕ ಏರಿ ಬೆನ್ನಿನ ಬಾಯ್ಲರನ್ನು ಕಾಯಿಸುತ್ತದೆ. ಮುಚ್ಚಿದ ಕೊಳವೆಗಳೊಳಗಿನ ಅಮೋನಿಯಾ ಕುದಿದು, ಮೇಲೇರಿ, ತಣಿದು, ಪೆಟ್ಟಿಗೆಯೊಳಗೆ ಥಂಡಿ ಹುಟ್ಟಿಸುತ್ತದೆ. ಬೆಂಕಿಯಿಂದ ಬರ್ಫ. ಕಾರ್ಖಾನೆಯಲ್ಲಿ ಮೊದಲ ಸಲ ಕಂಡಾಗ ನನಗೆ ಒಂದು ವಾರ ನಿದ್ದೆ ಬಂದಿರಲಿಲ್ಲ.

ಗೊಲ್ಲಾಳಪ್ಪ ಗ್ಯಾರಂಟಿ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದ. ನನಗೆ ಅದರ ಅಕ್ಷರಗಳೆಲ್ಲ ಬಾಯಿಪಾಠ. ಬೆನ್ನಿನ ಕೊಳವೆಗಳ ಸಮೂಹಕ್ಕೆ, ಅಂದರೆ ಯೂನಿಟ್ಟಿಗೆ, ಐದು ವರ್ಷ. ಬರ್ನರಿಗೆ ಒಂದು ವರ್ಷ. ಬತ್ತಿಗೆ, ಗಾಜಿಗೆ, ಬಣ್ಣಕ್ಕೆ ಏನೂ ಇಲ್ಲ. ಕೊನೆಗೆ ಇರುವೆಯಂಥ ಅಕ್ಷರಗಳಲ್ಲಿ ಒಂದು ಸಾಲು: ಹೊರಗಿನ ಯಾವುದೇ ವಸ್ತು ಸೇರಿ ಯಂತ್ರ ಕೆಟ್ಟಿದ್ದರೆ ಯಾವ ಭಾಗಕ್ಕೂ ಗ್ಯಾರಂಟಿ ಅನ್ವಯಿಸದು. ನಾನು ಹೊರಡುವಾಗ ಏಜೆಂಟ ಬಾಳಾಸಾಹೇಬರು ಅಂಗಡಿಯ ಪ್ರತಿಯಲ್ಲಿ ಇದೇ ಸಾಲಿನ ಕೆಳಗೆ ಉಗುರಿನಿಂದ ಗೀರಿ ತೋರಿಸಿದ್ದರು. ಹಳ್ಳಿಯ ಜನ ಏನಾದರೂ ಹಾಕಿರುತ್ತಾರೆ, ಹುಡುಕು ಎಂದು ಹೇಳಿದ್ದರು.

"ಗ್ಯಾರಂಟಿಯೊಳಗ ಬರಲಿಲ್ಲಂದ್ರ ಏನಾಗ್ತದ ನಿಮಗ?" ಎಂದು ಕೇಳಿದೆ.

ಗೊಲ್ಲಾಳಪ್ಪ ಬಾಗಿಲ ಕಡೆ ನೋಡಿದ. ಹೊರಗೆ ಅಂಗಳದಲ್ಲಿ ಮುನ್ನೂರಾದರೂ ಕುರಿ, ನಡುವೆ ಕಂಬಳಿ ಹೊದ್ದ ಕುರುಬರು. "ರಿಪೇರಿ ಜತ್ತಿನ ತಾಲೂಕ ದವಾಖಾನಿ ಮಾಡಸ್ತೈತಿ. ಮಾಡಿಸಿದವರ ಕಡೆನ ಪೆಟ್ಟಿಗಿ ಉಳೀತೈತಿ. ಹಂಗಂತ ಆರ್ಡರ್ ಬಂದೈತ್ರಿ. ಸೋಮವಾರ ಕುರಿಗೆ ರೋಗ ಬರದಂಗ ಚುಚ್ಚೂ ಲಸಿ ಬರ್ತೈತಿ. ಪೆಟ್ಟಿಗಿ ಇಲ್ಲಂದ್ರ ಅದೂ ಜತ್ತಿನ್ಯಾಗ ಇಳೀತೈತಿ. ಅಲ್ಲಿಂದ ಇಲ್ಲಿಗೆ ಬರೂದ್ರಾಗ ಬಿಸಿಲಿಗೆ ನೀರಾಗಿ ಹೋಗಿರ್ತೈತಿ. ಒಮ್ಮೆ ಹಂಗ ಆಗೇತಿ."

"ಆಗೇತಿ," ಎಂದಳು ಮೂಲೆಯಲ್ಲಿ ಕಸ ಹೊಡೆಯುತ್ತಿದ್ದ ಹೆಂಗಸು. ಅವಳು ಮಲಕವ್ವ. ಮೂರು ವರ್ಷದ ಹಿಂದೆ ಜತ್ತಿನಿಂದ ಚಕ್ಕಡಿಯಲ್ಲಿ ಬಂದ ಬಿಸಿ ಲಸಿಯನ್ನು ಅವಳ ಕುರಿಗಳಿಗೆ ಚುಚ್ಚಿದ್ದರಂತೆ. ಲಸಿ ಹಿಡಿಯಲಿಲ್ಲ. ರೋಗ ಬಂದಾಗ ಅರವತ್ತರಲ್ಲಿ ಐವತ್ತು ಸತ್ತವು. ಉಳಿದ ಹತ್ತನ್ನು ಮಾರಿ ಅವಳು ಇದೇ ದವಾಖಾನೆಗೆ ಕಸ ಹೊಡೆಯಲು ಬಂದಳು. ಗೊಲ್ಲಾಳಪ್ಪ ಇಷ್ಟನ್ನು ಅವಳೆದುರೇ ಹೇಳಿದ. ಅವಳು ಬೇರೆ ಯಾರದೋ ಕಥೆ ಕೇಳುವವಳ ಹಾಗೆ ಕಸ ಹೊಡೆಯುತ್ತಲೇ ಇದ್ದಳು.

ನಾನು ಕೆಲಸ ಶುರು ಮಾಡಿದೆ. ಪೆಟ್ಟಿಗೆಯ ಮೇಲೆ ಮಟ್ಟಗೋಲು ಇಟ್ಟೆ; ಗುಳ್ಳೆ ನಟ್ಟನಡುವೆ ನಿಂತಿತು. ಬತ್ತಿ ಸರಿಯಾಗಿತ್ತು. ಎಣ್ಣೆ ಸ್ವಚ್ಛವಾಗಿತ್ತು. ಆಮೇಲೆ ಹಿಂದುಗಡೆ ಹೋಗಿ, ಮೇಲೆ ತೆರೆದಿರುವ ಹೊಗೆ ಕೊಳವೆಯೊಳಗೆ ತಂತಿಯ ಬ್ರಶ್ ಇಳಿಸಿ ಎಳೆದೆ.

ಬ್ರಶ್ ಹಳದಿಯಾಗಿ ಬಂತು.

ಗೊಲ್ಲಾಳಪ್ಪನ ಮುಖ ನೋಡಿದೆ. ಅವನು ಮಾಡಿನ ತೊಲೆ ನೋಡುತ್ತಿದ್ದ.

"ಇದೇನ್ರಿ?"

"ಏನೋ... ಧೂಳ ಇರಬೇಕ್ರಿ."

"ಧೂಳು ಹಳದಿ ಇರ್ತೈತೇನು?"

"ನಮ್ಮ ಕಡಿ ಮಣ್ಣ ಸ್ವಲ್ಪ ಹಂಗ..."

ಅಂಗಳದ ಕುರುಬರಲ್ಲಿ ಹಿರಿಯನಾದ ವಿಠೋಬ ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ. ಬಾಲಗಾಂವದವನು, ಅರವತ್ತು ದಾಟಿದವನು, ತಲೆಗೆ ಕೆಂಪು ಪಟಕ. ಬ್ರಶ್ ನೋಡಿ ಅವನ ಮುಖ ಅರಳಿತು. "ಭಂಡಾರ ಅಲ್ಲೇನೋ ಅದು! ನಾವs ಹಾಕಿದ್ದು!"

"ವಿಠೋಬಕಾಕಾ, ಸುಮ್ಮನಿರು," ಎಂದ ಗೊಲ್ಲಾಳಪ್ಪ.

"ಯಾಕ ಸುಮ್ಮನಿರಲಿ? ಕಳ್ಳತನ ಮಾಡೀವೇನು? ಲಸಿ ಹಾಕಿಸಿದಾಗೊಮ್ಮೆ ಬೀರಪ್ಪನ ಹೆಸರ ಹೇಳಿ ಪೆಟ್ಟಿಗಿ ಮ್ಯಾಲ ಒಂದ ಚಿಟಿಕಿ ಭಂಡಾರ ಒಗಿತೀವಿ. ಎರಡ ವರ್ಷ ಒಗದೀವಿ. ಕುರಿ ಉಳದಾವು. ಈಗ ಜಡ್ಡಿಗೆ ಬಿದ್ದೈತಿ ಅಂತ ಮುಷ್ಟಿಗಟ್ಟಲೆ ಒಗದೀವಿ!" ನನ್ನ ಕಡೆ ತಿರುಗಿ, "ಗುಣ ಆಗ್ಲಿ ಅಂತ ಯಪ್ಪಾ. ನಿಮ್ಮ ಮಿರಜಿನ್ಯಾಗ ಜಡ್ಡಾದವರಿಗೆ ಏನೂ ಹಚ್ಚೂದಿಲ್ಲೇನು?" ಎಂದ.

ಹಿಂದಿದ್ದ ಕುರುಬರು ನಕ್ಕರು. ಗೊಲ್ಲಾಳಪ್ಪ ತಲೆಯ ಮೇಲೆ ಕೈಹೊತ್ತ. ಅವನು ಮೂರು ದಿನ ತಿಕ್ಕಿ ತೊಳೆದದ್ದು ಕುರುಬರ ದೇವರು ಬೀರಪ್ಪನ ಹೆಸರಿನ ಈ ಅರಿಶಿನದ ಪುಡಿಯನ್ನೇ. ಕಣ್ಣಿಗೆ ಕಾಣುವುದನ್ನೆಲ್ಲ ತೊಳೆದಿದ್ದ, ಕೊಳವೆಯ ಒಳಗಡೆ ಅವನಿಗೆ ಹೊಳೆದಿರಲಿಲ್ಲ.

ನಾನು ಮೊಳಕಾಲೂರಿ ಎಣ್ಣೆಯ ಟಾಕಿ ಎಳೆದು, ತಲೆ ಒಳಗೆ ತೂರಿಸಿ ಬ್ಯಾಟರಿ ಬಿಟ್ಟೆ. ಬಾಯ್ಲರಿನ ಕೆಳಗಿನ ಬೆಸುಗೆಯ ಸುತ್ತಲೂ ಹಳದಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮೇಲಿಂದ ಉದುರಿದ ಅರಿಶಿನ ಕೆಳಗೆ ಬಂದು ಕೂತಿದೆ ಎಂದುಕೊಂಡೆ. ಹೊಗೆ ಕೊಳವೆಯನ್ನು ಪೂರ್ತಿ ಸ್ವಚ್ಛ ಮಾಡಿ ದೀಪ ಹಚ್ಚಿದೆ. ಜ್ವಾಲೆ ನೀಲಿಯಾಗಿ, ಉಂಗುರದಂತೆ ನಿಂತಿತು. ಮಧ್ಯಾಹ್ನದವರೆಗೆ ಕಾಯ್ದೆ. ಬಾಯ್ಲರು ಕೈ ಮುಟ್ಟಲಾಗದಷ್ಟು ಕಾದಿತ್ತು, ಒಳಗಿನ ಕೋಣೆ ಮಾತ್ರ ಊರಿನ ಬಿಸಿಲಿನಷ್ಟೇ ಬೆಚ್ಚಗಿತ್ತು. ಅಂದರೆ ಯೂನಿಟ್ಟೇ ಸತ್ತಿತ್ತು. ಕೊಳವೆ ಕಟ್ಟಿ ಬಾಯ್ಲರು ಅಡ್ಡಾದಿಡ್ಡಿ ಕಾದು ಯೂನಿಟ್ಟು ಹೋಗಿದೆ, ಕಾರಣ ಅರಿಶಿನ, ಅರಿಶಿನ ಹೊರಗಿನ ವಸ್ತು. ಮೂರು ಹೆಜ್ಜೆ, ಮೂರೂ ಗಟ್ಟಿ.

ದೀಪ ಆರಿಸಿ, ಮೇಜಿನ ಮೇಲೆ ಫಾರ್ಮು ಬಿಚ್ಚಿ, ಮರಾಠಿಯಲ್ಲಿ ಬರೆದೆ: ಬಳಕೆದಾರರ ದೋಷ. ಹೊಗೆ ಕೊಳವೆಯಲ್ಲಿ ಅರಿಶಿನ. ಗ್ಯಾರಂಟಿ ಇಲ್ಲ.

ಗೊಲ್ಲಾಳಪ್ಪ ನನ್ನ ಭುಜದ ಮೇಲಿಂದ ಓದಿದ. ಗ್ಯಾರಂಟಿ ಕಾರ್ಡನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತತೊಡಗಿದ.

"ಏನಂತ ಬರದಾನ?" ಎಂದು ಮಲಕವ್ವ ಕೇಳಿದಳು.

"ಭಂಡಾರದಿಂದ ಕೆಟ್ಟೈತಿ ಅಂತ."

ಅವಳು ಕಸಬರಿಗೆಯನ್ನು ಗೋಡೆಗೆ ಆನಿಸಿ ನನ್ನೆದುರು ಬಂದು ನಿಂತಳು. "ಸುಳ್ಳು."

"ಸುಳ್ಳಲ್ಲವ್ವಾ. ಬ್ರಶ್ ನೀನೂ ನೋಡಿದಿ."

"ಬ್ರಶ್ ನೋಡೀನಿ. ಅದು ಈ ಐದು ವಾರದ ಭಂಡಾರ. ಪೆಟ್ಟಿಗಿ ಕೆಟ್ಟ ಮ್ಯಾಲ ಇವರು ಒಗದಿದ್ದು. ಅದಕ್ಕೂ ಮೊದಲ ಎರಡ ವರ್ಷ ಸೋಮವಾರಕ್ಕೊಮ್ಮೆ ಕೋಲಿಗೆ ಉಣ್ಣಿ ಸುತ್ತಿ ಕೊಳವಿ ಸ್ವಚ್ಛ ಮಾಡೀನಿ ನಾನು. ಪೆಟ್ಟಿಗಿ ಕೆಟ್ಟದ್ದು ಬುಧವಾರ. ಎರಡ ದಿವಸದಾಗ ಕೊಳವಿ ಕಟ್ಟತೈತೇನು?"

"ನೀ ಸ್ವಚ್ಛ ಮಾಡಿದ್ದಿ ಅನ್ನೂದಕ್ಕ ಸಾಕ್ಷಿ ಯಾರು?"

"ಬೀರಪ್ಪ," ಎಂದ ವಿಠೋಬ.

"ಬೀರಪ್ಪನ ಸಹಿ ಫಾರ್ಮಿನ್ಯಾಗ ನಡಿಯೂದಿಲ್ಲ ಕಾಕಾ," ಎಂದೆ. ಮಾತು ನನಗೇ ಚಲೋ ಅನಿಸಿತು. ಯಾರೂ ನಗಲಿಲ್ಲ.

ಮಲಕವ್ವ ನೆಲಕ್ಕೆ ಕೂತು ಟಾಕಿಯನ್ನು ಹೊರಗೆ ಎಳೆದಳು. ಎಷ್ಟು ಸರಾಗವಾಗಿ ಎಳೆದಳೆಂದರೆ ಈ ಕೆಲಸವನ್ನು ಅವಳು ನೂರಾರು ಸಲ ಮಾಡಿರಬೇಕು. ಒಳಗೆ ಬೆರಳು ತೋರಿಸಿ, "ಕೆಳಗಿನ ಹಳದಿ ನೋಡಿದ್ಯಲ್ಲ? ಅದು ಭಂಡಾರ ಅಲ್ಲ," ಎಂದಳು.

"ಮತ್ತೇನು?"

"ನಿನಗ ಗೊತ್ತಿರಬೇಕು. ಯಂತ್ರ ಕಲತವ ನೀನು. ದೀಪಾವಳಿ ಹೊತ್ತಿಗೆ ಅಲ್ಲಿ ಜ್ವಾಳದ ಕಾಳಿನಷ್ಟು ಕಾಣಸ್ತು. ಒರಸಿದೆ. ಮುಂದಿನ ಸೋಮವಾರ ಅದs ಜಾಗಾದಾಗ ಮತ್ತ ಬಂತು. ಒರಸಿದೆ. ಮತ್ತ ಬಂತು. ಒಗದ ಭಂಡಾರ ವಾರಾ ಹುಡುಕಿಕೊಂಡ ಹೋಗಿ ಒಂದs ಜಾಗಾದಾಗ ಕುಂದರತೈತೇನು?"

ಉತ್ತರ ಇಲ್ಲದಿದ್ದಾಗ ನಾನು ಸಾಮಾನ್ಯವಾಗಿ ಗಟ್ಟಿಯಾಗಿ ಮಾತಾಡುತ್ತೇನೆ. "ಬಣ್ಣ ಹಳದಿ ಐತಿ. ಪುಡಿ ಐತಿ. ಎರಡೂ ಬ್ಯಾರೆ ಬ್ಯಾರೆ ಅಂತ ಹ್ಯಾಂಗ ತೋರಸ್ತಿ?"

ಅವಳು ನನ್ನನ್ನು ಕರುಣೆಯಿಂದ ನೋಡಿದಳು. "ನಿನಗ ಲಗ್ನ ಆಗಿಲ್ಲ ಏನು?"

"ಇಲ್ಲ."

"ಅದಕ್ಕ. ವಿಠೋಬಣ್ಣಾ, ಚಂಚಿ ತಾ."

ವಿಠೋಬ ಸೊಂಟದಿಂದ ಎಲೆಅಡಿಕೆಯ ಚಂಚಿ ಬಿಚ್ಚಿ ಕೊಟ್ಟ. ಅವಳು ಅದರೊಳಗಿನ ಸುಣ್ಣದ ಡಬ್ಬಿ ತೆಗೆದಳು. ನನ್ನ ಫಾರ್ಮುಗಳ ಕಟ್ಟಿನಿಂದ ಕೇಳದೆಯೇ ಒಂದು ಹಾಳೆ ಹರಿದಳು. ಒಂದು ಕಡೆ ನನ್ನ ಬ್ರಶ್ಶಿನ ಪುಡಿ ಉದುರಿಸಿದಳು. ಇನ್ನೊಂದು ಕಡೆಗೆ, ಬಾಯ್ಲರಿನ ಬುಡದಿಂದ ಕಡ್ಡಿಯಲ್ಲಿ ಕೆರೆದ ಹಳದಿ ಇಟ್ಟಳು. ಎರಡರ ಮೇಲೂ ಒದ್ದೆ ಸುಣ್ಣ ಸವರಿದಳು.

ಬ್ರಶ್ಶಿನ ಪುಡಿ ಕಣ್ಣೆದುರೇ ಕೆಂಪಾಯಿತು. ಆರತಿಯ ತಟ್ಟೆಯಲ್ಲಿ ಆಗುವ ಕೆಂಪು. ಇನ್ನೊಂದು ಹಳದಿಯಾಗಿಯೇ ಉಳಿಯಿತು. ನಾವು ಐದು ನಿಮಿಷ ನೋಡಿದೆವು. ಅದು ಹಳದಿಯೇ.

"ಅರಿಶಿಣ ಸುಣ್ಣಕ್ಕ ಕೆಂಪಾಗಲಿಲ್ಲಂದ್ರ ಅದು ಅರಿಶಿಣ ಅಲ್ಲ," ಎಂದಳು ಮಲಕವ್ವ. "ಇಷ್ಟು ಹೆಣ್ಣ ಕೂಸಿಗೂ ಗೊತ್ತೈತಿ."

ನನಗೆ ಆಗ ಮುಂಬಯಿಯ ಫೋರಮನ್ ಹೇಳಿದ್ದು ನೆನಪಾಯಿತು. ಕೊಳವೆ ಒಳಗಿಂದ ತುಕ್ಕು ಹಿಡಿಯಬಾರದೆಂದು ಅಮೋನಿಯಾದ ನೀರಿಗೆ ಒಂದು ಹಳದಿ ಉಪ್ಪು ಬೆರೆಸುತ್ತಾರೆ. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ದ್ರವ ತಿಂಗಳುಗಟ್ಟಲೆ ಜಿನುಗಿ, ಆವಿಯಾಗಿ, ಉಪ್ಪು ಮಾತ್ರ ಹೊರಗೆ ಉಳಿಯುತ್ತದೆ. ಇದನ್ನು ನಾನು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಆದರೆ ಬೆಸುಗೆ ಸೋರಿದ ಯೂನಿಟ್ಟನ್ನು ಕಣ್ಣಾರೆ ಕಂಡಿರಲಿಲ್ಲ. ಹಳದಿ ಹುಡುಕಲು ಹೋಗಿದ್ದೆ, ಹಳದಿ ಸಿಕ್ಕಿತು, ಅಲ್ಲಿಗೇ ನಿಲ್ಲಿಸಿದ್ದೆ.

"ಮಲಕವ್ವಾ, ಕೆಟ್ಟ ದಿವಸ ಏನರೆ ವಾಸನಿ ಬಂದಿತ್ತೇನು?"

"ಬಂದಿತ್ತು. ಕಣ್ಣಾಗ ನೀರ ತರಸೂವಂಥಾದ್ದು. ಕುರಿ ಉಚ್ಚಿ ವಾಸನಿ."

"ಇಲ್ಲಿ ಯಾವಾಗಲೂ ಅದs ವಾಸನಿರಿ," ಎಂದ ಗೊಲ್ಲಾಳಪ್ಪ. "ಅದಕ್ಕ ನಾ ಅರ್ಜಿಯೊಳಗ ಬರೀಲಿಲ್ಲ."

"ಅವತ್ತ ಅಂಗಳದಾಗ ಕುರಿ ಎಲ್ಲಿದ್ದುವು ಯಪ್ಪಾ?" ಮಲಕವ್ವ ಅವನನ್ನೇ ಕೇಳಿದಳು. "ಎಲ್ಲಾ ಗೊಬ್ಬರಕ್ಕಂತ ಹೊಲದಾಗ ಕೂಡ್ರಾಕ ಹೋಗಿದ್ದುವು. ಅಂಗಳ ಖಾಲಿ ಇತ್ತು."

ಅಮೋನಿಯಾದ ಆ ವಾಸನೆ ಬೇರೆ ಯಾವ ಊರಲ್ಲಿ ಬಂದಿದ್ದರೂ ಜನ ಮೂಗು ಮುಚ್ಚಿಕೊಂಡು ಓಡಿ ಬಂದು ಮಿರಜಕ್ಕೆ ತಂತಿ ಕೊಡುತ್ತಿದ್ದರು. ಇಲ್ಲಿ ಅದು ಮನೆಯ ವಾಸನೆ.

ನಾನು ಬರೆದ ಫಾರ್ಮನ್ನು ಹರಿದೆ. ಹೊಸದರಲ್ಲಿ ಬರೆದೆ: ಬಾಯ್ಲರಿನ ಕೆಳ ಬೆಸುಗೆಯಲ್ಲಿ ಸೋರಿಕೆ. ಕಾರ್ಖಾನೆಯ ದೋಷ. ಹೊಗೆ ಕೊಳವೆಯ ಅರಿಶಿನ ಯೂನಿಟ್ಟು ಕೆಟ್ಟ ನಂತರ ಬಿದ್ದದ್ದು. ಯೂನಿಟ್ಟು ಗ್ಯಾರಂಟಿಗೆ ಒಳಪಟ್ಟಿದೆ. ಸಹಿ ಹಾಕಿ, ಮಲಕವ್ವನಿಗೆ ಸೋಪು ಕೊಟ್ಟು ಎರಡೆರಡು ಸಲ ಕೈ ತೊಳೆಯಲು ಹೇಳಿದೆ. ಆ ಉಪ್ಪು ವಿಷ.

"ಇಷ್ಟ ಬರದ್ರ ಸಾಕೇನ್ರಿ?" ಗೊಲ್ಲಾಳಪ್ಪನ ಕಣ್ಣಲ್ಲಿ ಜೀವ ಬಂದಿತ್ತು.

"ಸಾಕಾಗೂದಿಲ್ಲ. ಕಾಗದ ಬಾಳಾಸಾಹೇಬರ ಮೇಜಿನ ಮ್ಯಾಲ ತಿಂಗಳ ಮಲಗತೈತಿ." ನಾನು ಸ್ಕ್ರೂಡ್ರೈವರ್ ತೆಗೆದೆ. "ಯೂನಿಟ್ಟ ಬಿಚ್ಚಿ ನಾನs ಒಯ್ತೀನಿ. ಮಲಗಾಕ ಆಗದಂಥಾ ಸಾಮಾನ ಅದು."

"ನಾನೂ ಬರ್ತೀನಿ," ಎಂದಳು ಮಲಕವ್ವ.

"ನೀ ಯಾಕ?"

"ನೀ ಒಮ್ಮೆ ತಪ್ಪ ಬರದೀದಿ. ಹಾದಿಯೊಳಗ ಮತ್ತೊಮ್ಮೆ ಮನಸ ತಿರುಗಬಾರದು."

ಮರುದಿನ ಬೆಳಿಗ್ಗೆ ಕುರುಬರು ಯೂನಿಟ್ಟನ್ನು ಕಂಬಳಿಯಲ್ಲಿ ಸುತ್ತಿ, ಗಾಯವಾದ ಟಗರನ್ನು ಹೊತ್ತ ಹಾಗೆ ಹೊತ್ತು ತಂದು ಎಸ್.ಟಿ. ಮೋಟಾರಿನ ಮಾಡಿಗೆ ಏರಿಸಿದರು. ಮಲಕವ್ವ ಕಿಟಕಿಯ ಪಕ್ಕ ಕೂತಳು. ಮಿರಜ ಅವಳು ಎಂದೂ ನೋಡಿರದ ಊರು. ದಾರಿಯುದ್ದಕ್ಕೂ ಅವಳು ನನಗೆ ಯಂತ್ರದ ಬಗ್ಗೆ ಪ್ರಶ್ನೆ ಕೇಳಿದಳು, ನನಗೆ ಅರ್ಧಕ್ಕೆ ಮಾತ್ರ ಉತ್ತರ ಗೊತ್ತಿತ್ತು. ಬೆಂಕಿ ದೊಡ್ಡದು ಮಾಡಿದರೆ ಥಂಡಿ ಹೆಚ್ಚಾಗಬೇಕಲ್ಲ, ಯಾಕೆ ಕಡಿಮೆಯಾಗುತ್ತದೆ? ಚಳಿಗಾಲದಲ್ಲಿ ಎಣ್ಣೆ ಕಡಿಮೆ ಹಿಡಿಯುತ್ತದೆ, ಅದನ್ನು ಪುಸ್ತಕದಲ್ಲಿ ಬರೆದಿದ್ದಾರೋ ಇಲ್ಲವೋ? ಬರೆದಿರಲಿಲ್ಲ.

ಬಾಳಾಸಾಹೇಬರ ಅಂಗಡಿ ಸ್ಟೇಶನ್ ರಸ್ತೆಯಲ್ಲಿತ್ತು. ದೊಡ್ಡ ಗಾಜು, ಗಾಜಿನ ಹಿಂದೆ ಹೊಚ್ಚ ಹೊಸ ಚಿಮಣಿ ಎಣ್ಣೆಯ ಪೆಟ್ಟಿಗೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಗುಲಾಬಿ. ಅವರು ನನ್ನ ಫಾರ್ಮನ್ನು ಎರಡು ಸಲ ಓದಿದರು. ಹಾಳೆಯ ಮೇಲಿನ ಕೆಂಪನ್ನೂ ಹಳದಿಯನ್ನೂ ನೋಡಿದರು. ಕಂಬಳಿ ಬಿಚ್ಚಿ, ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ಬಾಳಾಸಾಹೇಬರು ವ್ಯಾಪಾರಿ ಹೌದು, ದಡ್ಡರಲ್ಲ.

"ಸೋರೇತಿ," ಎಂದು ತಮ್ಮ ಮಿರಜದ ಕನ್ನಡದಲ್ಲಿ ಒಪ್ಪಿಕೊಂಡರು. "ಬರೋಬರ್ ಐತಿ. ಮುಂಬಯಿಗೆ ಬರೀತೀನಿ. ಹೊಸ ಯೂನಿಟ್ಟ ಬರಾಕ ಎರಡು ತಿಂಗಳ ಹಿಡೀತದ."

"ಸೋಮವಾರ ಲಸಿ ಬರ್ತೈತ್ರಿ," ಎಂದಳು ಮಲಕವ್ವ.

"ಬಾಯಿ, ಸೋಮವಾರ ನನ್ನ ಕೈಯಾಗಿಲ್ಲ."

"ಅದು ಏನು?" ಅವಳು ಗಾಜಿನ ಹಿಂದಿನ ಪೆಟ್ಟಿಗೆಯ ಕಡೆ ಗದ್ದ ಎತ್ತಿ ತೋರಿಸಿದಳು.

"ಅದು ಶೋ ಪೀಸ್."

"ಅದರ ಬೆನ್ನಿಗೂ ಇಂಥಾದ್ದs ಐತೇನು?"

"ಇರ್ತದ. ಆದ್ರ ಅದು ತೋರಸಾಕ ಇಟ್ಟದ್ದು."

ನಾನು ಗೊಲ್ಲಾಳಪ್ಪ ಕೊಟ್ಟು ಕಳಿಸಿದ್ದ ಗ್ಯಾರಂಟಿ ಕಾರ್ಡನ್ನು ಮೇಜಿನ ಮೇಲಿಟ್ಟು ಹಿಂದಿನ ಪುಟ ತಿರುಗಿಸಿದೆ. ಇರುವೆ ಅಕ್ಷರಗಳ ಸಾಲಿಗಿಂತ ಎರಡು ಸಾಲು ಮೇಲೆ ಇನ್ನೊಂದು ಸಾಲಿತ್ತು. ಅದರ ಕೆಳಗೆ ಯಾರೂ ಉಗುರಿನಿಂದ ಗೀರಿರಲಿಲ್ಲ. ಓದಿದೆ: "ದೋಷವುಳ್ಳ ಯೂನಿಟ್ಟನ್ನು ಏಜೆಂಟರು ಹತ್ತಿರದ ದಾಸ್ತಾನಿನಿಂದ ಬದಲಿಸಿ ಕೊಡತಕ್ಕದ್ದು."

"ಅದು ದಾಸ್ತಾನ ಅಲ್ಲೋ ಶಿದ್ರಾಯ. ಅಂಗಡಿ ಶೋಭಾ ಅದು."

"ಅದರ ಬಾಗಿಲಿಗೆ ದರದ ಚೀಟಿ ಯಾಕ ಅಂಟಿಸೀರಿ ಮತ್ತ? ಶೋಭಾಕ್ಕ ದರ ಇರ್ತದೇನು? ಮಾರಾಕ ಇಟ್ಟದ್ದು ದಾಸ್ತಾನ."

ಅವರು ಚೀಟಿಯನ್ನು ನೋಡಿದರು. ಚೀಟಿ ದೊಡ್ಡದಾಗಿಯೇ ಇತ್ತು, ರಸ್ತೆಯ ಆಚೆಯಿಂದಲೂ ಓದಬಹುದಿತ್ತು. "ನಾಳೆ ಯಾರರೆ ಗಿರಾಕಿ ಬಂದು ಬಾಗಿಲ ತೆಗದು ಕೈ ಹಾಕಿದ್ರ? ಬೆಚ್ಚಗ ಇದ್ರ ನನ್ನ ಮರ್ಯಾದಿ?"

"ಸೋನ್ಯಾಳದ್ದು ಬೆಚ್ಚಗ ಇದ್ರ ನಿಮ್ಮ ಮರ್ಯಾದಿ ಹೋಗೂದಿಲ್ಲೇನು?" ಎಂದೆ. "ಅದರ ಮ್ಯಾಲೂ ನಿಮ್ಮ ಅಂಗಡಿ ಹೆಸರs ಐತಿ. ಅಲ್ಲಿ ಬಾಗಿಲ ತೆಗಿಯೋರು ಸಾವಿರ ಕುರಿಯ ಮಾಲಕರು."

ಬಾಳಾಸಾಹೇಬರು ಕುರ್ಚಿಗೆ ಒರಗಿದರು. ಬೇಡ ಎಂದರೆ ನಾನು ಆ ಕ್ಷಣವೇ ಕೆಲಸ ಬಿಡುತ್ತೇನೆ ಎಂಬುದು ಅವರಿಗೆ ತಿಳಿದಿತ್ತೇ? ನನಗಂತೂ ತಿಳಿದಿತ್ತು. ಮಿರಜದಿಂದ ಪಂಢರಪುರದ ತನಕ ಇಂಥ ಪೆಟ್ಟಿಗೆ ಬಿಚ್ಚಬಲ್ಲವನು ನಾನೊಬ್ಬನೇ. ನನಗೆ ಅವರು ಬೇಕಾದುದಕ್ಕಿಂತ ಅವರಿಗೆ ನಾನು ಹೆಚ್ಚು ಬೇಕು ಎಂಬ ಲೆಕ್ಕ ನನ್ನ ತಲೆಯಲ್ಲಿ ಯಾವಾಗಲೂ ಸಿದ್ಧವಿರುತ್ತಿತ್ತು. ಅದನ್ನು ಬಾಯಿ ಬಿಟ್ಟು ಹೇಳಬೇಕಾಗಿ ಬರಲಿಲ್ಲ. ಯಾಕೆಂದರೆ ಮಲಕವ್ವ ಅಷ್ಟರಲ್ಲಿ ಗಾಜಿನ ಹಿಂದೆ ಹೋಗಿ, ಗುಲಾಬಿಯನ್ನು ಎತ್ತಿ ಕಿಟಕಿಯ ಅಂಚಿಗಿಟ್ಟು, ಪೆಟ್ಟಿಗೆಯ ಬುಡದಲ್ಲಿ ಕೂತು ಟಾಕಿ ಎಳೆದಿದ್ದಳು. ಬೆಸುಗೆಯ ಸುತ್ತ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಸ್ವಚ್ಛ ಐತಿ," ಎಂದಳು. "ಆದ್ರ ನಾ ನೋಡದೆ ಒಯ್ಯೂದಿಲ್ಲ. ಮೊದಲ ಹಚ್ಚಿ ತೋರಸ್ರಿ. ಥಂಡಿ ಆತಂದ್ರ ಬಿಚ್ಚೂನು."

"ಥಂಡಿ ಆಗಾಕ ನಾಲ್ಕ ತಾಸ ಬೇಕ ಬಾಯಿ," ಎಂದರು ಬಾಳಾಸಾಹೇಬರು. ಅದು ಒಪ್ಪಿಗೆಯ ಮಾತು ಎಂಬುದು ಅವರಿಗೆ ಹೇಳಿದ ಮೇಲೆಯೇ ಹೊಳೆದಿರಬೇಕು.

"ಇರ್ಲಿ. ನಾ ಕುಂದರತೀನಿ."

ಅವಳು ಬತ್ತಿಯನ್ನು ತಾನೇ ಕತ್ತರಿಸಿ ಸಮ ಮಾಡಿದಳು, ಕಡ್ಡಿ ಗೀರಿದಳು. ಜ್ವಾಲೆ ಮೊದಲು ಹಳದಿಯಾಗಿ ಎದ್ದು, ಅವಳು ತಿರುಪನ್ನು ಎರಡು ಎಳೆ ಇಳಿಸಿದ ಮೇಲೆ ನೀಲಿಗೆ ತಿರುಗಿತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಗಾಜಿನೊಳಗೆ ಇಣುಕಿದರು. ನಾನು ಅಂಗಿಯ ತೋಳು ಮಡಚಿ, ಪೆಟ್ಟಿಗೆಯ ಹಿಂದೆ ಹೋಗಿ, ಯೂನಿಟ್ಟಿನ ಎಂಟು ಸ್ಕ್ರೂಗಳಲ್ಲಿ ಯಾವುದನ್ನು ಮೊದಲು ಸಡಿಲಿಸಬೇಕು ಎಂದು ನೋಡತೊಡಗಿದೆ.